ಕಾಲಜನ್ ಡಬ್ಬಿಯ ಹಿಂಬದಿ

ದಾವಣಗೆರೆಯ ಸರಸ್ವತಿ ನಗರದ ಕಡೆಯ ಮೆಡಿಕಲ್ ಶಾಪುಗಳಲ್ಲಿ ಕ್ಯಾಲ್ಸಿಯಂ ಮಾತ್ರೆ, ಪ್ರೋಟೀನ್ ಪೌಡರುಗಳ ಪಕ್ಕಕ್ಕೆ ಈಗ ಕಾಲಜನ್ ಬಂದು ಕೂತಿದೆ. ಅಂಗಡಿಯಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ. ಫೋನಿನಲ್ಲಿ ಒತ್ತಿದರೆ ದಾವಣಗೆರೆಗೂ ಬರುತ್ತದೆ, ಹರಿಹರಕ್ಕೂ ಬರುತ್ತದೆ. ಪೌಡರು, ಮಾತ್ರೆ, ಜಗಿಯುವ ಗಮ್ಮಿ, ಪುಟ್ಟ ಶೀಶೆಯ ಪಾನೀಯ, ಮುಖಕ್ಕೆ ಹಚ್ಚುವ ಕ್ರೀಮು, ಹೀಗೆ ರೂಪ ಹಲವು. ಕೇಳಿಕೊಂಡು ಬರುವವರು ಮುಖ್ಯವಾಗಿ ಎರಡು ಬಗೆ. ರೀಲ್ಸ್‌ನಲ್ಲಿ ಕೊರಿಯಾದ ನಟಿಯರ ಹೊಳೆಯುವ ಚರ್ಮ ನೋಡಿದವರು ಒಂದು ಬಗೆ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುವ ಅರವತ್ತು ದಾಟಿದವರು ಇನ್ನೊಂದು. ಇಬ್ಬರಿಗೂ ಸಿಗುವ ಮಾತು ಒಂದೇ: "ಮೂರು ತಿಂಗಳು ತಗೊಂಡು ನೋಡಿ ಅಕ್ಕಾ, ಆಮೇಲೆ ನೀವೇ ಹೇಳ್ತೀರಿ."

ಮೂರು ತಿಂಗಳೆಂದರೆ ಕೆಲವು ಸಾವಿರ ರೂಪಾಯಿ. ಆ ದುಡ್ಡು ಹಾಕುವ ಮುಂಚೆ ಡಬ್ಬಿಯನ್ನು ತಿರುಗಿಸಿ ಹಿಂಬದಿ ಓದುವುದು ಹೇಗೆ, ಅಲ್ಲಿ ಬರೆದಿರುವುದು ಎಲ್ಲಿಂದ ಬಂತು, ಅದಕ್ಕೆ ಏಷ್ಯಾದಲ್ಲಿ ಇಷ್ಟು ಬೇಡಿಕೆ ಹುಟ್ಟಿದ್ದು ಹೇಗೆ ಎಂದು ತಿಳಿದಿದ್ದರೆ ಒಳ್ಳೆಯದು. ಡಬ್ಬಿಯ ಮುಂಬದಿ ಮಾರುವವರದು, ಹಿಂಬದಿ ಕಾನೂನಿನದು. ಕೊಳ್ಳುವವರಿಗೆ ಬೇಕಾದದ್ದೆಲ್ಲ ಬಹುಮಟ್ಟಿಗೆ ಹಿಂದೆಯೇ, ಸಣ್ಣಕ್ಷರದಲ್ಲಿ ಇರುತ್ತದೆ.

ಸೂಪಿನ ಪಾತ್ರೆಯಿಂದ ಪೌಡರಿಗೆ

ಕಾಲಜನ್ ಹೊಸ ಪದಾರ್ಥವೇನಲ್ಲ. ನಮ್ಮ ಮೈಯಲ್ಲಿರುವ ಪ್ರೋಟೀನಿನಲ್ಲಿ ಸುಮಾರು ಮೂರನೇ ಒಂದು ಪಾಲು ಅದೇ. ಚರ್ಮ, ಮೂಳೆ, ಸ್ನಾಯುರಜ್ಜು, ಕೀಲಿನ ಮೃದ್ವಸ್ಥಿ ಎಲ್ಲಕ್ಕೂ ಬಿಗಿ ಕೊಡುವುದು ಅದು. ಒಂದೊಂದು ಕಾಲಜನ್ ಅಣುವೂ ಮೂರು ಎಳೆ ಹೊಸೆದ ಹಗ್ಗದಂತಿರುತ್ತದೆ. ಈ ಹೊಸೆತವನ್ನು ಜಗತ್ತಿಗೆ ತೋರಿಸಿಕೊಟ್ಟವರು ಜಿ.ಎನ್. ರಾಮಚಂದ್ರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಕೈಕೆಳಗೆ ಪಳಗಿ, ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೋದ ಅವರು ಗೋಪಿನಾಥ್ ಕರ್ತಾ ಜೊತೆ 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕಾಲಜನ್ನಿನ ಮೂರೆಳೆಯ ರಚನೆಯನ್ನು ಪ್ರಕಟಿಸಿದರು. ಪರೀಕ್ಷೆಗೆ ಬೇಕಾದ ಮಾದರಿ ಸಿಕ್ಕಿದ್ದು ಅದೇ ಊರಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ; ಕಾಂಗರೂ ಬಾಲದ ಸ್ನಾಯುರಜ್ಜು ಅದು. ಮುಂದೆ ಅವರು ಬೆಂಗಳೂರಿಗೆ ಮರಳಿ ಅಣುಜೀವಭೌತ ವಿಭಾಗ ಕಟ್ಟಿದರು. ಇವತ್ತು ಡಬ್ಬಿಗಳ ಮೇಲೆ ಜಪಾನ್, ಕೊರಿಯಾ, ಜರ್ಮನಿ ಎಂದೆಲ್ಲ ದೊಡ್ಡದಾಗಿ ಅಚ್ಚಾಗುತ್ತದೆ. ಮದ್ರಾಸಿನ ಹೆಸರನ್ನು ಯಾರೂ ಹಾಕುವುದಿಲ್ಲ.

ಕೈಕಾಲು ಮುರಿದವರಿಗೆ ಕಾಲು ಸೂಪು ಕುಡಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಮೇಕೆ ಕಾಲನ್ನು ಗಂಟೆಗಟ್ಟಲೆ ಕುದಿಸಿದಾಗ ಹೊಸೆತ ಬಿಚ್ಚಿಕೊಂಡು ಎಳೆಗಳು ನೀರಿಗಿಳಿಯುತ್ತವೆ. ಸೂಪು ಆರಿದ ಮೇಲೆ ಗಟ್ಟಿಯಾಗಿ ನಡುಗುತ್ತದಲ್ಲ, ಅದು ಜೆಲಟಿನ್. ಔಷಧದ ಕ್ಯಾಪ್ಸೂಲಿನ ಸಿಪ್ಪೆ, ಜೆಲ್ಲಿ ಮಿಠಾಯಿ, ಹಿಂದಿನ ಕಾಲದ ಫೋಟೊ ಫಿಲಂ, ಬಡಗಿಗಳು ಕಾಯಿಸಿ ಹಚ್ಚುತ್ತಿದ್ದ ಅಂಟು ಎಲ್ಲದರ ಹಿಂದೆಯೂ ಇದೇ ವಸ್ತು. ಈ ಜೆಲಟಿನ್ನನ್ನು ಕಿಣ್ವ ಹಾಕಿ ಇನ್ನಷ್ಟು ಸಣ್ಣಗೆ ತುಂಡರಿಸಿದರೆ ತಣ್ಣೀರಿನಲ್ಲೂ ಕರಗುವ, ಗಟ್ಟಿಯಾಗದ, ಹೆಚ್ಚು ವಾಸನೆಯಿಲ್ಲದ ಪೌಡರು ಸಿಗುತ್ತದೆ. ಡಬ್ಬಿಯ ಮೇಲೆ 'ಹೈಡ್ರೊಲೈಸ್ಡ್ ಕಾಲಜನ್' ಅಥವಾ 'ಕಾಲಜನ್ ಪೆಪ್ಟೈಡ್' ಎಂದಿರುವುದು ಇದನ್ನೇ. ಹೆಸರು ಎರಡು, ವಸ್ತು ಒಂದೇ.

ಇಲ್ಲೊಂದು ಮಾತು ಹೇಳಿಬಿಡಬೇಕು. ಕಾಲಜನ್ ಎನ್ನುವುದೇ ಮೋಸ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಟ್ಟಗಾಯದ ಮೇಲೆ ಹೊದಿಸುವ ಕಾಲಜನ್ ಹಾಳೆ, ಹಲ್ಲು ಕಿತ್ತ ಗುಳಿಗೆ ತುಂಬುವ ಕಾಲಜನ್ ತುಂಡು, ಒಸಡಿನ ಶಸ್ತ್ರಚಿಕಿತ್ಸೆಯಲ್ಲಿ ಇಡುವ ಪೊರೆ, ಇವೆಲ್ಲ ವೈದ್ಯರ ದಿನನಿತ್ಯದ ಸಾಮಾನು. ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಬಾಪೂಜಿ ದಂತ ಕಾಲೇಜು ಇರುವ ಊರಿನಲ್ಲಿ ಇದನ್ನು ಬಲ್ಲವರಿಗೇನೂ ಕಡಿಮೆಯಿಲ್ಲ. ಗಾಯದ ಮೇಲೆ ಕೆಲಸ ಮಾಡಿದ್ದು ಹಾಲಿಗೆ ಕಲಸಿ ಕುಡಿದಾಗಲೂ ಮುಖಕ್ಕೇ ಹೋಗಿ ಕೂರುತ್ತದೆ ಎಂದು ನಂಬಿಸಿಬಿಡುವಲ್ಲಿ ಜಾಹೀರಾತಿನ ಜಾಣತನವಿದೆ.

ಏಷ್ಯಾದಲ್ಲಿ ಬೇಡಿಕೆ ಏರಿದ್ದು ಹೇಗೆ

ಈ ವ್ಯಾಪಾರದ ಬುಡದಲ್ಲಿರುವುದು ಕಸ. ಕಸಾಯಿಖಾನೆಯ ಮೂಳೆ, ಚರ್ಮದ ಕಾರ್ಖಾನೆಯ ಕತ್ತರಿಕೆ, ಮೀನು ಕತ್ತರಿಸುವ ಕಾರ್ಖಾನೆಯ ಚರ್ಮ ಮತ್ತು ಹುರುಪೆ. ಯಾವ ಕಸ ಎಲ್ಲಿ ಒಂದೇ ಕಡೆ ರಾಶಿ ಬೀಳುತ್ತದೋ ಅಲ್ಲಿ ಕಾಲಜನ್ ಕಾರ್ಖಾನೆ ಹುಟ್ಟುತ್ತದೆ. ಬೇಡಿಕೆ ಹುಟ್ಟಿದ್ದು ಮಾತ್ರ ಬೇರೆ ಕಾರಣಕ್ಕೆ.

ಮೊದಲು ದಾರಿ ತೆಗೆದದ್ದು ಜಪಾನ್. ನೂರಕ್ಕೆ ಸುಮಾರು 29 ಜನ 65 ವರ್ಷ ದಾಟಿರುವ ದೇಶ ಅದು. ಮುಪ್ಪನ್ನು ಮುಂದೂಡುವ ಆಹಾರಕ್ಕೆ ಅಲ್ಲಿ ಹಿಂದಿನಿಂದಲೂ ಗಿರಾಕಿ ಇದ್ದರು. 2001ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಮೊದಲ ಹುಚ್ಚು ದನ ರೋಗದ ಪ್ರಕರಣ ಪತ್ತೆಯಾಯಿತು. ದನದ ಮೂಳೆ, ಚರ್ಮದಿಂದ ಮಾಡಿದ್ದನ್ನು ಜನ ದೂರ ಇಟ್ಟರು. ಕಂಪನಿಗಳು ಹಂದಿಯತ್ತ, ಮೀನಿನತ್ತ ತಿರುಗಿದವು. ಇವತ್ತು ನಾವು ನೋಡುವ 'ಮರೈನ್ ಕಾಲಜನ್' ಗೀಳಿನ ಬೇರು ಅಲ್ಲಿದೆ. ಮೀನಿನದ್ದಾದರೆ ಹಂದಿ ಮುಟ್ಟದ ಮುಸ್ಲಿಮರಿಗೂ ಸಲ್ಲುತ್ತದೆ, ದನದ್ದು ಬೇಡವೆನ್ನುವ ಹಿಂದೂಗಳಿಗೂ ಸಲ್ಲುತ್ತದೆ. ಹಲಾಲ್ ಪ್ರಮಾಣಪತ್ರವನ್ನು 2014ರ ಕಾಯ್ದೆಯಿಂದ ಹಂತ ಹಂತವಾಗಿ ಕಡ್ಡಾಯ ಮಾಡುತ್ತಿರುವ ಇಂಡೊನೇಷ್ಯಾ, ಪಕ್ಕದ ಮಲೇಷ್ಯಾ, ನಮ್ಮ ಭಾರತ, ಮೂರೂ ಕಡೆ ಅದಕ್ಕೆ ಬಾಗಿಲು ತೆರೆಯಿತು.

ವಿಯೆಟ್ನಾಂ ಇದರಲ್ಲಿ ಒಂದು ಒಳ್ಳೆಯ ಪಾಠ. ಮೆಕಾಂಗ್ ಮುಖಜಭೂಮಿಯಲ್ಲಿ ಪಂಗಾಸ್ ಮೀನು ಸಾಕಿ, ಮೂಳೆ ಚರ್ಮ ಬಿಡಿಸಿ, ಬಿಳಿ ಮಾಂಸವನ್ನಷ್ಟೇ ಯೂರೋಪ್, ಅಮೆರಿಕಕ್ಕೆ ಕಳಿಸುವ ಕಾರ್ಖಾನೆಗಳಿವೆ. ದಿನವೂ ಟನ್‌ಗಟ್ಟಲೆ ಚರ್ಮ ಉಳಿಯುತ್ತದೆ. ಅಲ್ಲಿನ ವಿನ್ ಹೋನ್ ಎಂಬ ದೊಡ್ಡ ಮೀನು ಕಂಪನಿ ತನ್ನದೇ ಕಾಲಜನ್ ಘಟಕ ಹಾಕಿ ಆ ಚರ್ಮವನ್ನು ಪೌಡರು ಮಾಡಿ ಮಾರುತ್ತಿದೆ. ಪಂಗಾಸ್ ನಮ್ಮ ಆಂಧ್ರದಲ್ಲೂ ಬೇಕಾದಷ್ಟು ಬೆಳೆಯುತ್ತದೆ. ಆದರೆ ನಮ್ಮವರು ಮೀನನ್ನು ಇಡಿಯಾಗಿ ಕೊಂಡು, ಅಂಗಡಿಯಲ್ಲಿ ತುಂಡು ಮಾಡಿಸಿ, ಚರ್ಮದ ಸಮೇತ ಸಾರಿಗೆ ಹಾಕುತ್ತಾರೆ. ಹಾಗಾಗಿ ಚರ್ಮದ ರಾಶಿ ನಮ್ಮಲ್ಲಿ ಬೀಳುವುದೇ ಇಲ್ಲ, ಬೀಳುವುದಿದ್ದರೆ ಬೇರೆ ಮೀನುಗಳ ಹುರುಪೆಯದು. ಇದನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಚೀನಾದ ಓಟ ಬೇರೆ ದಿಕ್ಕಿನದು. ಅಲ್ಲಿ ಪ್ರಾಣಿಯನ್ನೇ ಬಿಟ್ಟು, ಸೂಕ್ಷ್ಮಜೀವಿಗಳಿಗೆ ಜೀನ್ ಸೇರಿಸಿ ತೊಟ್ಟಿಯಲ್ಲಿ ಕಾಲಜನ್ ಬೆಳೆಸುತ್ತಿದ್ದಾರೆ. ಶಿಯಾನ್ ನಗರದ ಜೈಂಟ್ ಬಯೋಜೀನ್ ಎಂಬ ಕಂಪನಿ 2022ರ ನವೆಂಬರಿನಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೆ ಬಂದದ್ದು ಇದೇ ವ್ಯಾಪಾರದ ಮೇಲೆ. ಸದ್ಯಕ್ಕೆ ಆ ಕಾಲಜನ್ ಹೋಗುವುದು ಮುಖ್ಯವಾಗಿ ಮುಖದ ಮಾಸ್ಕ್, ಕ್ರೀಮು, ಚುಚ್ಚುಮದ್ದುಗಳಿಗೆ. ಅದೇ ಚೀನಾದಲ್ಲಿ ಕತ್ತೆ ಚರ್ಮ ಕುದಿಸಿ ಮಾಡುವ 'ಎಜಿಯಾವೊ' ಎಂಬ ಹಳೆಯ ಮದ್ದಿಗೂ ಹಸಿವು ಹೆಚ್ಚಿತು. ಚರ್ಮಕ್ಕಾಗಿ ಕತ್ತೆ ಕಡಿಯುವುದು ಎಷ್ಟು ಮಿತಿಮೀರಿತೆಂದರೆ ಆಫ್ರಿಕಾ ಒಕ್ಕೂಟ 2024ರ ಫೆಬ್ರವರಿಯಲ್ಲಿ ಅದಕ್ಕೆ ತಡೆ ಹಾಕಬೇಕಾಯಿತು. ನಮ್ಮಲ್ಲೂ 2012ರಿಂದ 2019ರ ಜಾನುವಾರು ಗಣತಿಯ ಹೊತ್ತಿಗೆ ಕತ್ತೆಗಳ ಸಂಖ್ಯೆ ನೂರಕ್ಕೆ 61ರಷ್ಟು ಇಳಿದು 1.2 ಲಕ್ಷಕ್ಕೆ ಬಂತು. ಆಟೊ, ಟ್ರ್ಯಾಕ್ಟರು ಬಂದದ್ದು ಅದಕ್ಕೆ ದೊಡ್ಡ ಕಾರಣ; ಕದ್ದು ಸಾಗಿಸುವ ಚರ್ಮದ ವ್ಯಾಪಾರವೂ ಒಂದು ಎಂದು ಪ್ರಾಣಿ ರಕ್ಷಣೆಯವರು ದೂರುತ್ತಾರೆ.

ಭಾರತದ ಕಥೆ ಮೂಳೆಯದು. 2019ರ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 11 ಕೋಟಿ ಎಮ್ಮೆಗಳಿವೆ. ಜಗತ್ತಿನಲ್ಲಿ ಇನ್ನೆಲ್ಲೂ ಅಷ್ಟಿಲ್ಲ. ಎಮ್ಮೆ ಮೂಳೆಯನ್ನು ಪುಡಿಮಾಡಿ, ತೆಳು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ನೆನೆಹಾಕಿ ಸುಣ್ಣದಂಶ ಬಿಡಿಸಿದರೆ ಮೆತ್ತಗಿನ 'ಆಸೀನ್' ಉಳಿಯುತ್ತದೆ. ಬಿಟ್ಟ ದ್ರಾವಣಕ್ಕೆ ಸುಣ್ಣ ಹಾಕಿದರೆ ಕೋಳಿ ಆಹಾರಕ್ಕೆ ಹೋಗುವ ಡೈಕ್ಯಾಲ್ಸಿಯಂ ಫಾಸ್ಫೇಟ್. ಆಸೀನನ್ನು ಸುಣ್ಣದ ನೀರಿನಲ್ಲಿ ವಾರಗಟ್ಟಲೆ ಇಟ್ಟು, ತೊಳೆದು, ಬಿಸಿನೀರಿನಲ್ಲಿ ಇಳಿಸಿದರೆ ಜೆಲಟಿನ್. ಮುಂದಕ್ಕೆ ಕಿಣ್ವ ಹಾಕಿದರೆ ಪೆಪ್ಟೈಡ್. ಕೊಚ್ಚಿಯ ನಿಟ್ಟಾ ಜೆಲಟಿನ್ ಇಂಡಿಯಾ ಈ ಸಾಲಿನ ಹಿರಿಯರಲ್ಲೊಂದು. ಕೇರಳ ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಮತ್ತು ಜಪಾನಿನ ಕಂಪನಿಗಳು ಕೂಡಿ 1975ರಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು. ತಮಿಳುನಾಡಿನ ಕಡಲೂರು, ಗುಜರಾತಿನ ವಾಪಿ, ಮಧ್ಯಪ್ರದೇಶದ ಜಬಲ್ಪುರಗಳಲ್ಲೂ ಜೆಲಟಿನ್ ಉದ್ಯಮ ಬೇರೂರಿದೆ. ಅಂದರೆ ಜಪಾನೀ ತಂತ್ರಜ್ಞಾನ ಎಂದು ಬರೆದ ಡಬ್ಬಿಯೊಳಗಿನ ಪೌಡರು ಎಮ್ಮೆಯದಾಗಿರಬಹುದು, ಕೇರಳದ್ದಾಗಿರಬಹುದು. ಅದರಲ್ಲಿ ತಪ್ಪೇನಿಲ್ಲ, ತಿಳಿದಿರಬೇಕು ಅಷ್ಟೆ.

ಹಾಗಾದರೆ ಮಾರುಕಟ್ಟೆ ಎಷ್ಟು ದೊಡ್ಡದು? ಇಷ್ಟು ಬಿಲಿಯನ್ ಡಾಲರ್, ವರ್ಷಕ್ಕೆ ಇಷ್ಟು ಶೇಕಡ ಏರಿಕೆ ಎಂಬ ವರದಿಗಳು ಇಂಟರ್ನೆಟ್ಟಿನಲ್ಲಿ ಹೇರಳ. ಒಂದರ ಲೆಕ್ಕ ಇನ್ನೊಂದಕ್ಕೆ ಕೂಡುವುದಿಲ್ಲ. ಒಬ್ಬರು ಜೆಲಟಿನ್ನನ್ನೂ ಸೇರಿಸಿ ಎಣಿಸುತ್ತಾರೆ, ಇನ್ನೊಬ್ಬರು ಪೆಪ್ಟೈಡನ್ನು ಮಾತ್ರ. ಒಬ್ಬರು ಕಾರ್ಖಾನೆಯಿಂದ ಹೊರಬೀಳುವ ಮೂಟೆಯ ಬೆಲೆ ಹಿಡಿಯುತ್ತಾರೆ, ಇನ್ನೊಬ್ಬರು ಅಂಗಡಿಯ ಡಬ್ಬಿಯ ಬೆಲೆ. ಆ ಅಂಕಿಗಳನ್ನು ನಾನು ಇಲ್ಲಿ ಎತ್ತಿ ಬರೆಯುವುದಿಲ್ಲ. ಡೀಲರ್‌ಶಿಪ್ ಕೊಡಲು ಬಂದವರು ಅದನ್ನು ಸ್ಲೈಡಿನಲ್ಲಿ ತೋರಿಸಿದರೆ ಇದರಲ್ಲಿ ಏನೇನು ಸೇರಿದೆ ಸಾರ್ ಎಂದು ಒಂದು ಪ್ರಶ್ನೆ ಕೇಳಿ; ಉತ್ತರದಲ್ಲೇ ಗೊತ್ತಾಗುತ್ತದೆ.

ಚುಕ್ಕೆ, ಮೂಲ, ಗ್ರಾಂ

ಈಗ ಡಬ್ಬಿ ತಿರುಗಿಸಿ.

ಮೊದಲು ಕಣ್ಣು ಹೋಗಬೇಕಾದದ್ದು ಚಿಹ್ನೆಗೆ. ಹಸಿರು ಚೌಕದಲ್ಲಿ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ಚೌಕದಲ್ಲಿ ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಹಿಂದೆ ಅದೂ ಚುಕ್ಕೆಯಾಗಿತ್ತು, ಬಣ್ಣ ಗುರುತಿಸಲಾಗದವರಿಗೂ ತಿಳಿಯಲೆಂದು ತ್ರಿಕೋನವಾಯಿತು. ತೊಟ್ಟಿಯಲ್ಲಿ ಬೆಳೆಸಿದ್ದನ್ನು ಬಿಟ್ಟರೆ ನಿಜವಾದ ಕಾಲಜನ್ ಪ್ರಾಣಿಯಿಂದಲೇ ಬರುವುದರಿಂದ ಅಂಥ ಡಬ್ಬಿಯ ಮೇಲೆ ಕಂದು ತ್ರಿಕೋನ ಇರಲೇಬೇಕು. ಗಿಡದಲ್ಲಿ ಕಾಲಜನ್ ಇಲ್ಲ. ಹಾಗಿದ್ದರೆ 'ಪ್ಲಾಂಟ್ ಕಾಲಜನ್', 'ವೀಗನ್ ಕಾಲಜನ್', 'ಕಾಲಜನ್ ಬಿಲ್ಡರ್' ಎಂಬ ಹಸಿರು ಚುಕ್ಕೆಯ ಡಬ್ಬಿಗಳಲ್ಲಿ ಇರುವುದೇನು? ಪದಾರ್ಥಗಳ ಪಟ್ಟಿ ಓದಿ: ನೆಲ್ಲಿಕಾಯಿ ಸಾರ, ವಿಟಮಿನ್ ಸಿ, ಬಿದಿರಿನ ಸಿಲಿಕಾ, ಚೊಗಚೆ ಎಲೆಯಿಂದ ತೆಗೆದ ಬಯೋಟಿನ್, ಕೆಲವು ಅಮೈನೊ ಆಮ್ಲ. ದೇಹ ತಾನೇ ಕಾಲಜನ್ ಕಟ್ಟಿಕೊಳ್ಳಲು ವಿಟಮಿನ್ ಸಿ ಬೇಕು ಎಂಬುದು ಸತ್ಯ. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದವರಿಗೆ ಒಸಡಿನಿಂದ ರಕ್ತ ಬರುತ್ತಿದ್ದದ್ದು ಅದಿಲ್ಲದೆ ಕಾಲಜನ್ ಕೆಟ್ಟು ಹೋದದ್ದರಿಂದಲೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ಪ್ರಮಾಣ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65. ಒಂದು ಸೀಬೆಹಣ್ಣು ಅಷ್ಟನ್ನು ಕೊಟ್ಟು ಮಿಗಿಸುತ್ತದೆ. ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರು ನಮ್ಮೂರಿನಲ್ಲಿ ಬಹಳ. ಅವರು ಹೆಸರು ನೋಡಿ ಗಾಬರಿಯಾಗಬೇಕಿಲ್ಲ, ಚುಕ್ಕೆ ನೋಡಿ ಕೊಳ್ಳಬಹುದು. ಕೊಳ್ಳುತ್ತಿರುವುದು ಕಾಲಜನ್ ಅಲ್ಲ ಎಂದು ತಿಳಿದು ಕೊಳ್ಳಬೇಕು.

ಎರಡನೆಯದು ಮೂಲ. 'ಬೋವೈನ್' ಎಂದರೆ ದನ ಅಥವಾ ಎಮ್ಮೆ. 'ಪೋರ್ಸೈನ್' ಎಂದರೆ ಹಂದಿ. 'ಮರೈನ್' ಅಥವಾ 'ಫಿಶ್' ಎಂದರೆ ಮೀನು. ಮರೈನ್ ಎಂದೊಡನೆ ಆಳಸಮುದ್ರದ ಮೀನೇ ಎಂದುಕೊಳ್ಳಬೇಡಿ, ಕೆರೆಯಲ್ಲಿ ಸಾಕಿದ ತಿಲಾಪಿಯಾ ಕೂಡ ಆ ಹೆಸರಿನಲ್ಲಿ ಬರುತ್ತದೆ. 'ಚಿಕನ್ ಸ್ಟರ್ನಂ' ಎಂದರೆ ಕೋಳಿ ಎದೆಯ ಮೃದ್ವಸ್ಥಿ. ಕೀಲುನೋವಿಗೆಂದು ಮಾರುವ 'ಟೈಪ್ 2' ಅದು. ಬರೀ 'ಕಾಲಜನ್ ಪೆಪ್ಟೈಡ್' ಎಂದಿದ್ದು ಯಾವ ಪ್ರಾಣಿ ಎಂದು ಹೇಳದ ಡಬ್ಬಿಯನ್ನು ಹಲಗೆಯ ಮೇಲೇ ಬಿಡಿ. ಧರ್ಮದ ಮಾತು ಹಾಗಿರಲಿ, ಮೀನು ಒಗ್ಗದ ಮೈಯವರಿಗೆ ಇದು ಆಸ್ಪತ್ರೆಯ ಮಾತು. ಮಾತ್ರೆಯಾದರೆ ಕ್ಯಾಪ್ಸೂಲಿನ ಸಿಪ್ಪೆಯನ್ನೂ ನೋಡಿ. ಒಳಗೆ ಮೀನು, ಹೊರಗೆ ದನದ ಜೆಲಟಿನ್ ಇರುವುದುಂಟು.

ಮೂರನೆಯದು ಗ್ರಾಂ. ದುಡ್ಡು ಹೋಗುವುದು ಹೆಚ್ಚಾಗಿ ಇಲ್ಲೇ. ಚರ್ಮದ ಮೇಲಿನ ಅಧ್ಯಯನಗಳಲ್ಲಿ ಜನ ದಿನಕ್ಕೆ ಎರಡೂವರೆಯಿಂದ ಹತ್ತು ಗ್ರಾಂ ಪೆಪ್ಟೈಡ್ ತೆಗೆದುಕೊಂಡಿದ್ದಾರೆ. ಒಂದು ಗಮ್ಮಿಯಲ್ಲಿ ಅಷ್ಟು ಹಿಡಿಯುವುದಿಲ್ಲ. 500 ಮಿಲಿಗ್ರಾಂ ಎಂದು ಬರೆದ ಮಾತ್ರೆಯಿಂದ ಐದು ಗ್ರಾಂ ತುಂಬಬೇಕಾದರೆ ದಿನಕ್ಕೆ ಹತ್ತು ಮಾತ್ರೆ ನುಂಗಬೇಕು. ಮಿಲಿಗ್ರಾಂ ಲೆಕ್ಕ ಸರಿಹೋಗುವುದು ಕೋಳಿ ಮೃದ್ವಸ್ಥಿಯ, ಕುದಿಸದ 'ಅನ್‌ಡಿನೇಚರ್ಡ್ ಟೈಪ್ 2' ಒಂದಕ್ಕೆ ಮಾತ್ರ. ಅದರ ವಾಡಿಕೆಯ ಪ್ರಮಾಣವೇ ದಿನಕ್ಕೆ 40 ಮಿಲಿಗ್ರಾಂ. ಅದರ ಅಧ್ಯಯನ ತೋರಿಸಿ ಬೇರೆ ಪೌಡರು ಮಾರುವುದು, ಪೌಡರಿನ ಅಧ್ಯಯನ ತೋರಿಸಿ ಗಮ್ಮಿ ಮಾರುವುದು ಈ ವ್ಯಾಪಾರದ ಹಳೆಯ ಕೈಚಳಕ.

ಬೆಲೆಯನ್ನು ಡಬ್ಬಿಗೆ ಎಷ್ಟು ಎಂದು ಕೇಳಬೇಡಿ, ಕಾಲಜನ್ ಗ್ರಾಂಗೆ ಎಷ್ಟು ಎಂದು ಲೆಕ್ಕ ಹಾಕಿ. 1,500 ರೂಪಾಯಿಯ ಡಬ್ಬಿಯಲ್ಲಿ 250 ಗ್ರಾಂ ಪೆಪ್ಟೈಡ್ ಇದೆ ಎಂದುಕೊಳ್ಳಿ: ಗ್ರಾಂಗೆ ಆರು ರೂಪಾಯಿ ಬಿತ್ತು. ಒಂದೊಂದರಲ್ಲಿ ಒಂದು ಗ್ರಾಂ ಇರುವ 60 ಮಾತ್ರೆಗೆ 900 ರೂಪಾಯಿ ಎಂದುಕೊಳ್ಳಿ: ಗ್ರಾಂಗೆ ಹದಿನೈದು. ಅಗ್ಗ ಎಂದು ಕಂಡದ್ದು ಎರಡೂವರೆ ಪಟ್ಟು ದುಬಾರಿ. ಪೌಡರಿನ ಡಬ್ಬಿಯಲ್ಲೂ ಒಟ್ಟು ತೂಕವೆಲ್ಲ ಕಾಲಜನ್ ಆಗಿರುವುದಿಲ್ಲ. ಕಿತ್ತಳೆ ರುಚಿ, ಸಿಹಿ, ಬಣ್ಣ ಎಲ್ಲ ಸೇರಿರುತ್ತದೆ. 'ಪರ್ ಸರ್ವಿಂಗ್' ಎಂಬ ಸಾಲಿನಲ್ಲಿ ಕಾಲಜನ್ ಎದುರಿಗಿರುವ ಅಂಕಿಯನ್ನೇ ಹಿಡಿಯಿರಿ. ಹಾಗೆ ಪ್ರತ್ಯೇಕ ಅಂಕಿ ಕೊಡದೆ 'ಬ್ಯೂಟಿ ಬ್ಲೆಂಡ್ 12 ಗ್ರಾಂ' ಎಂದಷ್ಟೇ ಬರೆದಿದ್ದರೆ ಅದರೊಳಗೆ ಯಾವುದೆಷ್ಟು ಎಂದು ದೇವರೇ ಬಲ್ಲ. ಸಕ್ಕರೆ ಕಾಯಿಲೆ ಇರುವವರು ಗಮ್ಮಿ ಮತ್ತು ಶೀಶೆಯ ಪಾನೀಯದ ಸಕ್ಕರೆ ಸಾಲನ್ನೂ ಓದಬೇಕು.

ಉಳಿದವು ಬೇಗ ಹೇಳಿ ಮುಗಿಸಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲಾಂಛನದ ಪಕ್ಕ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆ ಜೀವಂತವೇ ಎಂದು ಪ್ರಾಧಿಕಾರದ ಫಾಸ್‌ಕಾಸ್ ತಾಣದಲ್ಲಿ ನೋಡಬಹುದು. 'ಹೆಲ್ತ್ ಸಪ್ಲಿಮೆಂಟ್' ಅಥವಾ 'ನ್ಯೂಟ್ರಾಸ್ಯೂಟಿಕಲ್' ಎಂದು, ಜೊತೆಗೆ ಔಷಧದ ಬಳಕೆಗಲ್ಲ ಎಂಬ ಅರ್ಥದ ಸಾಲು ಇಂಗ್ಲಿಷಿನಲ್ಲಿ ಇರಬೇಕು. ಆ ಸಾಲಿರುವ ಡಬ್ಬಿಯನ್ನೇ ಮುಂದಿಟ್ಟುಕೊಂಡು ಸಂಧಿವಾತ ವಾಸಿಯಾಗುತ್ತದೆ ಎನ್ನುವವರಿದ್ದರೆ ಅವರು ಕಾನೂನು ಮೀರುತ್ತಿದ್ದಾರೆ. ಬಿಲ್ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ಹೇಳಿ. ಅಲ್ಲಿ ಬಗೆಹರಿಯದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗವಿದೆ.

ಕುಡಿದರೆ ಆಗುವುದೇನು

ಕಾಲಜನ್ ಕುಡಿದರೆ ಹೊಟ್ಟೆಯಲ್ಲಿ ಬೇರೆ ಪ್ರೋಟೀನುಗಳಂತೆಯೇ ಅಮೈನೊ ಆಮ್ಲಗಳಾಗಿ ಒಡೆಯುತ್ತದೆ. ಎರಡು ಮೂರು ಅಮೈನೊ ಆಮ್ಲಗಳ ಪುಟ್ಟ ಜೋಡಣೆಗಳು ಹಾಗೆಯೇ ರಕ್ತಕ್ಕೆ ಸೇರುವುದನ್ನು ಜಪಾನಿನ ಸಂಶೋಧಕರು 2005ರಲ್ಲಿ ತೋರಿಸಿದ್ದಾರೆ. ಅವು ಚರ್ಮದ ಕೋಶಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತವೆ ಎಂಬುದು ಕಂಪನಿಗಳ ವಾದ. 2014ರಲ್ಲಿ ಜರ್ಮನಿಯಲ್ಲಿ 35ರಿಂದ 55 ವರ್ಷದ 69 ಹೆಂಗಸರ ಮೇಲೆ ಎಂಟು ವಾರ ನಡೆದ ಪರೀಕ್ಷೆಯಲ್ಲಿ ಎರಡೂವರೆ, ಐದು ಗ್ರಾಂ ಕುಡಿದವರ ಚರ್ಮದ ಬಿಗಿ ಸ್ವಲ್ಪ ಹೆಚ್ಚಿದ್ದು ಕಂಡಿತು. ಇಂಥವು ಇನ್ನೂ ಹಲವು ಬಂದಿವೆ.

ಆದರೆ 2025ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರೇ 23 ಪರೀಕ್ಷೆಗಳನ್ನು, ಒಟ್ಟು 1,474 ಜನರ ಫಲಿತಾಂಶವನ್ನು ಒಟ್ಟುಗೂಡಿಸಿ 'ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬರೆದರು. ಎಲ್ಲವನ್ನೂ ಕೂಡಿಸಿದರೆ ಚರ್ಮದ ತೇವ, ಬಿಗಿ, ಸುಕ್ಕು ಮೂರರಲ್ಲೂ ಲಾಭ ಕಾಣುತ್ತದೆ. ಕಂಪನಿಗಳ ಹಣ ಪಡೆದವು, ಪಡೆಯದವು ಎಂದು ಬೇರೆ ಮಾಡಿದರೆ, ಪಡೆಯದ ಪರೀಕ್ಷೆಗಳಲ್ಲಿ ಲಾಭ ಮಾಯ. ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆ 2011ರಲ್ಲಿ ಕೀಲಿನ ಬಗ್ಗೆ, 2013ರಲ್ಲಿ ಚರ್ಮದ ಬಗ್ಗೆ ಬಂದ ಇಂಥ ಹೇಳಿಕೆಗಳನ್ನು ಪುರಾವೆ ಸಾಲದೆಂದು ತಳ್ಳಿಹಾಕಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಚರ್ಮಕ್ಕೆಂದು ತಿಂಗಳಿಗೆ ಎರಡು ಸಾವಿರ ಕೊಡುವವರು ಅದರಲ್ಲಿ ಕಾಲುಭಾಗಕ್ಕೆ ಒಳ್ಳೆಯ ಸನ್‌ಸ್ಕ್ರೀನ್ ಕೊಂಡರೆ ಹೆಚ್ಚು ಉಳಿತಾಯ. ಇರುವ ಕಾಲಜನ್ನನ್ನು ಮುರಿಯುವುದರಲ್ಲಿ ಬಿಸಿಲಿನದು ಮೊದಲ ಸ್ಥಾನ, ಬೀಡಿ ಸಿಗರೇಟಿನದು ನಂತರದ್ದು. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಪಿ.ಬಿ. ರಸ್ತೆಯಲ್ಲಿ ಸ್ಕೂಟರ್ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲಜನ್ ಕ್ರೀಮಿನ ವಿಷಯ ಇನ್ನೂ ಸರಳ: ಇಡೀ ಕಾಲಜನ್ ಅಣು ಚರ್ಮದೊಳಗೆ ಇಳಿಯಲಾರದಷ್ಟು ದೊಡ್ಡದು. ಮೇಲೆ ಕೂತು ತೇವ ಹಿಡಿದಿಡುತ್ತದೆ. ಆ ಕೆಲಸವನ್ನು ಸಾಧಾರಣ ಮಾಯಿಶ್ಚರೈಸರೂ ಮಾಡುತ್ತದೆ.

ಮಂಡಿನೋವಿನಲ್ಲಿ ಪೆಪ್ಟೈಡಿನಿಂದಾಗಲಿ ಟೈಪ್ 2ರಿಂದಾಗಲಿ ನೋವು ಸ್ವಲ್ಪ ತಗ್ಗಿದ್ದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ತೂಕ ಇಳಿಸುವುದು, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಇವೆರಡೇ ಹೆಚ್ಚು ನೆಚ್ಚಬಹುದಾದವು ಎಂದು ಮೂಳೆ ವೈದ್ಯರು ಹೇಳುತ್ತಲೇ ಇರುತ್ತಾರೆ. ಕೇಳುವವರು ಕಡಿಮೆ, ಡಬ್ಬಿ ಸುಲಭ.

ಪ್ರೋಟೀನ್ ಪೌಡರಿನ ಬದಲು ಕಾಲಜನ್ ಸಾಕೆಂದುಕೊಳ್ಳುವುದು ಇನ್ನೊಂದು ತಪ್ಪು. ಕಾಲಜನ್ನಿನಲ್ಲಿ ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೊ ಆಮ್ಲವೇ ಇಲ್ಲ. ಹಾಗಾಗಿ ಪ್ರೋಟೀನಿನ ಗುಣಮಟ್ಟ ಅಳೆಯುವ ಅಳತೆಯಲ್ಲಿ ಅದಕ್ಕೆ ಸೊನ್ನೆ. ಐಸಿಎಂಆರ್ ಲೆಕ್ಕದಲ್ಲಿ ದೊಡ್ಡವರಿಗೆ ಮೈತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಮಧ್ಯಾಹ್ನ ಅನ್ನ, ಸಂಜೆ ಮಂಡಕ್ಕಿ ಮೆಣಸಿನಕಾಯಿ, ರಾತ್ರಿ ಮತ್ತೆ ಅನ್ನ ಎಂದು ದಿನ ದೂಡುವವರಿಗೆ ಬೇಳೆ, ಕಾಳು, ಹಾಲು, ಒಗ್ಗುವವರಿಗೆ ಮೊಟ್ಟೆ ಮೊದಲು ಬೇಕು.

ತೆಗೆದುಕೊಳ್ಳುವ ಮುಂಚೆ ವೈದ್ಯರನ್ನು ಕೇಳಲೇಬೇಕಾದವರಿದ್ದಾರೆ. ಮೂತ್ರಪಿಂಡದ ತೊಂದರೆ ಇರುವವರು ಮೊದಲಿಗರು. ಕಲ್ಲಿನ ತೊಂದರೆ ಆದವರೂ ಹುಷಾರಾಗಿರಬೇಕು. ಕಾಲಜನ್ನಿನ ಹೈಡ್ರಾಕ್ಸಿಪ್ರೋಲಿನ್ ದೇಹದಲ್ಲಿ ಆಕ್ಸಲೇಟ್ ಆಗಬಲ್ಲದು, ಜೆಲಟಿನ್ ಹೆಚ್ಚು ತಿಂದಾಗ ಮೂತ್ರದಲ್ಲಿ ಆಕ್ಸಲೇಟ್ ಏರುವುದು ದಾಖಲಾಗಿದೆ. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿಯುವ ಊರಿದು. ಬಸುರಿ, ಬಾಣಂತಿಯರು ರೀಲ್ಸ್ ನೋಡಿ ಶುರುಮಾಡಬಾರದು.

ಮಾರಲು, ಮಾಡಲು ಹೊರಟವರಿಗೆ

ಕೆಲಸ ಹುಡುಕುತ್ತಿರುವ ಹುಡುಗರಿಗೆ, ಮನೆಯಿಂದಲೇ ದುಡಿಯಬಯಸುವ ಗೃಹಿಣಿಯರಿಗೆ ಕಾಲಜನ್ ಡಬ್ಬಿ ಮಾರುವ ಅವಕಾಶ ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. 2021ರ ಡಿಸೆಂಬರಿನಲ್ಲಿ ಜಾರಿಗೆ ಬಂದ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಯನ್ನು ನಿಷೇಧಿಸಿವೆ. ಸರಕು ಮಾರಿದ್ದಕ್ಕಿಂತ ಜನ ಸೇರಿಸಿದ್ದಕ್ಕೆ ಹೆಚ್ಚು ಹಣ ಸಿಗುತ್ತದೆ ಎಂದಾದರೆ ಅಲ್ಲಿಂದ ಎದ್ದು ಬನ್ನಿ. ನೀವೇ ಮೊದಲು ಇಷ್ಟು ಡಬ್ಬಿ ಕೊಳ್ಳಬೇಕು ಎಂದರೂ ಅಷ್ಟೆ. ನಿಜವಾದ ಅಂಗಡಿ ಇಡುವವರು ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಮಾಡಿಸಿ, ಪ್ರತಿ ಬ್ಯಾಚಿನ ಪರೀಕ್ಷಾ ವರದಿ ಕೇಳಿ ಪಡೆಯಬೇಕು. ಸೀಸ, ಆರ್ಸೆನಿಕ್, ಪಾದರಸ, ಕ್ಯಾಡ್ಮಿಯಂ ಎಷ್ಟು, ಸೂಕ್ಷ್ಮಜೀವಿಗಳ ಎಣಿಕೆ ಎಷ್ಟು, ಯಾವ ಪ್ರಯೋಗಾಲಯ, ಯಾವ ತಾರೀಖು ಎಂಬುದು ಅದರಲ್ಲಿರಬೇಕು. ಎಲ್ಲ ಬ್ಯಾಚಿಗೂ ಒಂದೇ ವರದಿ ಕಳಿಸುವ ಸರಬರಾಜುದಾರರನ್ನು ಬಿಡಿ.

ತಯಾರಿಕೆಯ ಕನಸು ಇರುವವರೂ ಇದ್ದಾರೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಹರಿಹರ ತಾಲ್ಲೂಕಿನ ದೇವರಬೆಳಕೆರೆ, ತುಂಗಭದ್ರೆ, ಭದ್ರಾ ಕಾಲುವೆಯ ಕೆರೆಗಳು, ಹೀಗೆ ಮೀನಿಗೆ ಬರವಿಲ್ಲ. ಕಾಟ್ಲಾ, ರೋಹು ಹುರುಪೆ ಮಾರುಕಟ್ಟೆಯಲ್ಲಿ ಕಸವಾಗಿ ಹೋಗುತ್ತದೆ, ಅದರಿಂದಲೇ ಕಾಲಜನ್ ತೆಗೆದರೆ ಆಗದೇ ಎಂಬುದು ಅವರ ಪ್ರಶ್ನೆ. ವಿಜ್ಞಾನದ ಮಟ್ಟಿಗೆ ಆಗುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯಲ್ಲಿ ಮೀನಿನ ಕಾಲಜನ್ ಪೆಪ್ಟೈಡಿನ ತಂತ್ರಜ್ಞಾನ ಸಿದ್ಧವಿದೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಕೇಳಿ ತಿಳಿಯಲು ಜನರಿದ್ದಾರೆ. ತೊಡಕು ಇರುವುದು ರಾಶಿಯಲ್ಲಿ. ಹುರುಪೆ ಹತ್ತಾರು ಕಡೆ ಚೂರುಚೂರಾಗಿ ಬೀಳುತ್ತದೆ. ಕರುಳು, ರಕ್ತ ಬೆರೆತಿರುತ್ತದೆ. ಅದೇ ದಿನ ಬೇರ್ಪಡಿಸಿ, ತೊಳೆದು, ಒಣಗಿಸದಿದ್ದರೆ ಕೊಳೆಯುತ್ತದೆ. ವಿಯೆಟ್ನಾಮಿನವರಿಗೆ ಒಂದೇ ಛಾವಣಿಯಡಿ ಸಿಗುವುದನ್ನು ನೀವು ಟೆಂಪೊ ಓಡಿಸಿ ಕೂಡಿಹಾಕಬೇಕು.

ನೀರಿನ ಪ್ರಶ್ನೆ ಅದಕ್ಕಿಂತ ದೊಡ್ಡದು. ಆಮ್ಲ, ಸುಣ್ಣ, ಮತ್ತೆ ಮತ್ತೆ ತೊಳೆಯುವುದು: ಕಾಲಜನ್ ಕೆಲಸವೆಂದರೆ ನೀರು ಕುಡಿದು ಕೊಳೆನೀರು ಬಿಡುವ ಕೆಲಸ. ಕೇರಳದ ಕಾತಿಕುಡಂನಲ್ಲಿ ಜೆಲಟಿನ್ ಉದ್ಯಮದ ತ್ಯಾಜ್ಯದ ವಿರುದ್ಧ ಚಾಲಕ್ಕುಡಿ ಹೊಳೆಯ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಹರಿಹರದವರಿಗೆ ಇದು ಕೇಳಿದ ಕಥೆಯಂತಿದ್ದರೆ ಆಶ್ಚರ್ಯವಿಲ್ಲ. 1980ರ ದಶಕದಲ್ಲಿ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯದವರು ಎಬ್ಬಿಸಿದ ಚಳವಳಿಯನ್ನು ಹೊಳೆದಂಡೆಯ ಹಿರಿಯರು ಮರೆತಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಕೊಳೆನೀರು ಶುದ್ಧೀಕರಣ ಘಟಕ, ಎರಡರ ಖರ್ಚನ್ನೂ ಮೊದಲ ದಿನದ ಲೆಕ್ಕಕ್ಕೇ ಸೇರಿಸಬೇಕು.

ಹಾಗಾಗಿ ಸಣ್ಣ ಬಂಡವಾಳದವರಿಗೆ ಪೌಡರಿನ ಮಾತು ಸದ್ಯಕ್ಕೆ ಬೇಡ. ಹುರುಪೆಯನ್ನು ಶುಚಿಯಾಗಿ ಒಣಗಿಸಿ, ತೂಕ ಮಾಡಿ, ಕಾಲಜನ್ ಕಾರ್ಖಾನೆಗೆ ಕಚ್ಚಾ ಮಾಲಾಗಿ ಕಳಿಸಲು ಆಗುತ್ತದೆಯೇ ಎಂದು ಮೊದಲು ವಿಚಾರಿಸಿ. ತೇವಾಂಶ ಎಷ್ಟಿರಬೇಕು, ಒಂದು ಲೋಡಿಗೆ ಕನಿಷ್ಠ ಎಷ್ಟು ಟನ್, ಲಾರಿ ಬಾಡಿಗೆ ಯಾರದು, ಹಣ ಎಷ್ಟು ದಿನಕ್ಕೆ ಎಂಬುದನ್ನು ಕೊಳ್ಳುವ ಕಾರ್ಖಾನೆಯವರಿಂದಲೇ ಬರೆಸಿಕೊಳ್ಳಿ. ಮೀನು ಮಾರುಕಟ್ಟೆಯಲ್ಲಿ ಒಂದು ವಾರ ನಿಂತು ದಿನಕ್ಕೆ ಎಷ್ಟು ಕಿಲೋ ಹುರುಪೆ ಬೀಳುತ್ತದೆ, ಒಣಗಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ತೂಗಿ ಬರೆದಿಡಿ. ಈ ಎರಡು ಕಾಗದ ಕೈಗೆ ಬರುವ ತನಕ ಶೆಡ್ಡಿಗೆ ಮುಂಗಡ ಕೊಡಬೇಡಿ.